ಎತ್ತಿ ಹುಯ್ದ ನೀರು

ಇವತ್ತಿಗೂ ಯಾರಾದರೂ ಬಾಟಲಿಯನ್ನು ತುಟಿಗೆ ತಾಗಿಸದೆ ಎತ್ತಿ ನೀರು ಕುಡಿದರೆ, ನನ್ನ ಗದ್ದ ತಾನಾಗಿ ಎದೆಗೆ ಬಗ್ಗುತ್ತದೆ.

ಕಾಡುಗೋಡಿಯ ಮನೆಯಲ್ಲಿ ತಾತ ಲಕ್ವ ಹೊಡೆದು ಕುರ್ಚಿ ಹಿಡಿದಿದ್ದ. ನುಂಗುವುದನ್ನು ಕಲಿಸಲು ಬರುತ್ತಿದ್ದ ಮೇಡಂ ನನ್ನ ಕತ್ತನ್ನೇ ಬಗ್ಗಿಸಿ ತೋರಿಸಿದ್ದರು: "ಗದ್ದ ಎದೆಗೆ ತಾಗಿಸಿ ನುಂಗ್ಬೇಕು. ತಲೆ ಹಿಂದಕ್ಕೆ ಹೋದ್ರೆ ಗಂಟಲಿನ ಸ್ನಾಯುಗಳಿಗೆ ಹಿಡಿತ ಸಿಗಲ್ಲ, ನೀರು ಉಸಿರಿನ ದಾರಿಗೆ ಇಳಿಯುತ್ತೆ."

ಒಂದು ಮಧ್ಯಾಹ್ನ ಅಜ್ಜಿ ಹೊರಗೆ ಬಾಡಿಗೆ ರೂಮುಗಳ ನೆಲದಡಿಯ ನೀರಿನ ತೊಟ್ಟಿಗೆ ಟ್ಯಾಂಕರ್ ನೀರು ಬಿಡಿಸುತ್ತಿದ್ದಳು. ತಾತ ನೀರು ಕೇಳಿದ. ನಾನು ಹಿತ್ತಾಳೆ ಚೊಂಬನ್ನು ಅವನ ತುಟಿಯ ಹತ್ತಿರ ಒಯ್ದೆ. ಹುಟ್ಟಿದಾಗಿನಿಂದ ಚೊಂಬಿಗೆ ಬಾಯಿ ಹಚ್ಚದವನು ಮುಖ ತಿರುಗಿಸಿದ.

"ಎಂಜ್ಲಾಯ್ತದೆ ಕಣವ್ವ. ಎತ್ತಿ ಉಯ್ಯಿ," ಎಂದು ತೊದಲಿ, ತಲೆ ಹಿಂದಕ್ಕೆ ವಾಲಿಸಿ ಬಾಯಿ ತೆರೆದ.

ನಾನು ಹುಯ್ದೆ.

ಕೆಮ್ಮೂ ಬರಲಿಲ್ಲ. ಗಂಟಲೊಳಗೆ ಗೊರಗೊರ ಸದ್ದಾಯಿತು, ತುಟಿ ನೀಲಿಯಾಯಿತು. ನಾನು ಕಿರುಚಿದ್ದು ಟ್ಯಾಂಕರಿನ ಮೋಟಾರಿನಲ್ಲಿ ಮುಳುಗಿತು. ಮತ್ತೆ ಕಿರುಚಿದೆ. ಅಜ್ಜಿ ಓಡಿಬಂದು ಅವನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದಳು. ಕೊನೆಗೆ ಕೆಮ್ಮು ಬಂತು.

"ಯಾರು ಇಂಗೆ ನೀರು ಉಯ್ದೋರು?"

ತಾತ ಏದುಸಿರಲ್ಲೇ ಆಡುವ ಒಂದು ಕೈ ಎತ್ತಿ ತನ್ನ ಎದೆ ಮುಟ್ಟಿಕೊಂಡ.

ಚೊಂಬು ಇನ್ನೂ ನನ್ನ ಕೈಯಲ್ಲೇ ಇತ್ತು.