ನೇರ ಅಂಚಿನ ಗಾಯ

ಎರಡನೇ ಕೀಮೋ ಆದ ವಾರದಲ್ಲೇ ಅನಸೂಯಳ ಕೊರಳ ಕೆಳಗೆ ಅಂಗೈಯಗಲ ಚರ್ಮ ಕೆಂಪಾಗಿ ಬೊಬ್ಬೆ ಎದ್ದಿತು. ಅದರ ಅಂಚುಗಳು ಗೆರೆ ಎಳೆದಷ್ಟು ನೇರವಾಗಿದ್ದವು.

“ಹಿಂದೆ ಯಾವಾಗಲಾದರೂ ಇಲ್ಲಿಗೆ ರೇಡಿಯೇಶನ್ ಕೊಟ್ಟಿದ್ರಾ?” ಡಾಕ್ಟರಮ್ಮ ಕೇಳಿದರು. “ಕೊಟ್ಟಿದ್ದರೆ, ಎಷ್ಟೋ ವರ್ಷ ಕಳೆದ ಮೇಲೂ ಕೀಮೋ ಔಷಧಿಗೆ ಅದೇ ಜಾಗ ಸುಟ್ಟ ಹಾಗೆ ಏಳಬಹುದು. ಆಗ ಔಷಧಿ ಬದಲಿಸೋದನ್ನ ಯೋಚಿಸಬೇಕಾಗುತ್ತೆ.”

ಅನಸೂಯ ಪಕ್ಕದಲ್ಲಿ ನಿಂತಿದ್ದ ಗಂಡನನ್ನು ನೋಡಿದಳು. ಕಾಲೇಜಿನಲ್ಲಿದ್ದಾಗ ಬಂದಿದ್ದ ಕಾಯಿಲೆಯನ್ನು ಮುಚ್ಚಿಟ್ಟೇ ತವರಿನವರು ಅವಳ ಮದುವೆ ಮಾಡಿದ್ದರು.

“ಇಲ್ಲ,” ಎಂದಳು.

“ಹಾಗಾದರೆ ಇದು ಇಸ್ತ್ರಿಪೆಟ್ಟಿಗೆಯ ಗುರುತು. ಸುಟ್ಟವರು ಯಾರು?” ಡಾಕ್ಟರಮ್ಮನ ಕಣ್ಣು ಗಂಡ ತಿಪ್ಪೇಶನ ಮೇಲೆ ನೆಟ್ಟಿತು.

ಅವನು ತಲೆ ತಗ್ಗಿಸಿದ. “ನಾನೇ, ಮೇಡಂ. ಇವಳನ್ನ ಒಂದು ನಿಮಿಷ ಹೊರಗೆ ಕಳಿಸಿ, ಎಲ್ಲಾ ಹೇಳ್ತೀನಿ.”

“ಅದನ್ನ ಪೊಲೀಸರಿಗೇ ಹೇಳಿ.” ಡಾಕ್ಟರಮ್ಮ ಫೋನ್ ಎತ್ತಿಕೊಂಡರು.

ಅನಸೂಯ ಅವರ ಕೈ ಹಿಡಿದುಕೊಂಡಳು. “ಬೇಡ ಮೇಡಂ, ಇವರು ಏನೂ ಮಾಡಿಲ್ಲ. ನನಗೆ ಹಿಂದೆ ಅಲ್ಲಿ ರೇಡಿಯೇಶನ್ ಆಗಿತ್ತು. ಇವರಿಂದ ಮುಚ್ಚಿಟ್ಟಿದ್ದೆ.”

ಗಂಡನ ಮುಖ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

ಡಾಕ್ಟರಮ್ಮ ಫೋನ್ ಕೆಳಗಿಟ್ಟರು. “ಮಾಡದ ತಪ್ಪನ್ನ ಯಾಕ್ರೀ ಒಪ್ಪಿಕೊಂಡ್ರಿ? ಇವರು ಬಾಯಿ ಬಿಡದೆ ಇದ್ದಿದ್ದರೆ ಅದೇ ಔಷಧಿ ಮತ್ತೆ ಕೊಡ್ತಿದ್ದೆನಲ್ಲ!”

“ಇವಳು ಆಚೆ ಹೋಗಿದ್ದರೆ,” ತಿಪ್ಪೇಶ ಮೆಲ್ಲಗೆ ಹೇಳಿದ, “ರೇಡಿಯೇಶನ್ ವಿಷಯ ನಾನೇ ಹೇಳೋನಿದ್ದೆ, ಮೇಡಂ.”