ಬೂದಿ ಬಣ್ಣದ ಮೊಳೆ

ತುಟಿಗಳ ನಡುವೆ ಕಚ್ಚಿಕೊಂಡಿದ್ದ ಐದು ಮೊಳೆಗಳನ್ನು ಮೊಳೆಯಜ್ಜ ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟು ನೋಡಿದ. ಹೊಳೆಯತ್ತ ತಿರುಗಿ ಉಗುಳಲು ಹೋದವನು, ಈಗಷ್ಟೇ ಆ ನೀರಿಗೆ ಕೈಮುಗಿದದ್ದು ನೆನಪಾಗಿ, ಹಿಂದೆ ಸರಿದು ಮಣ್ಣಿನ ಮೇಲೆ ಉಗುಳಿದ.

“ಈ ಮೊಳೆಗೆ ಯಾರು ಏನು ಮಾಡಿದ್ದು?”

ಸೊಸೆ ಹೊತ್ತು ತಂದ ಹಲಗೆಯನ್ನು ಕೆಳಗಿಡುವುದನ್ನೇ ಮರೆತಳು. ಹೊಳೆಗೆ ಇಳಿಯುವ ಮರದ ಮೆಟ್ಟಿಲಿಗೆ ಅಂದು ಮೊಳೆ ಹೊಡೆಯುವುದಿತ್ತು. ಮೂರು ತಿಂಗಳಿಂದ ಅವಳು ಕೆಲಸ ಕಲಿಯಲು ಮಾವನ ಹಿಂದೆ ತಿರುಗಿ ಹಲಗೆ ಹೊತ್ತಿದ್ದಳು, ಅಳೆದಿದ್ದಳು, ನಯ ಮಾಡಿದ್ದಳು. ಸುತ್ತಿಗೆಯನ್ನು ಮಾತ್ರ ಅವನು ಕೈಗೆ ಕೊಟ್ಟಿರಲಿಲ್ಲ. “ಮೆಟ್ಟಿಲಿನ ದಿನ ಕೊಡ್ತೀನಿ. ಅಷ್ಟರಲ್ಲಿ ಏನಾದರೂ ಕೆಡಿಸಿದೆಯೋ, ಬಡಗಿ ಕೆಲಸದ ಮಾತು ಅಲ್ಲಿಗೆ ಮುಗೀತು” ಎಂದಿದ್ದ. ಬಾಯಲ್ಲಿ ಸದಾ ಮೊಳೆ ಇರುತ್ತಿದ್ದುದರಿಂದ ಅಜ್ಜ ಮಾತಾಡುವುದೇ ಕಡಿಮೆ. ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡವನಲ್ಲ.

ಅಷ್ಟರಲ್ಲಿ ದಂಡೆಯ ಮೇಲಿಂದ ಅವನ ಹೆಂಡತಿ ಏದುಸಿರು ಬಿಡುತ್ತ ಇಳಿದು ಬಂದಳು. ಮಡಿಲಲ್ಲಿ ಅರ್ಧ ಖಾಲಿಯಾದ ಮೊಳೆ ಡಬ್ಬಿ.

“ಇಷ್ಟು ಉಳಿದಿವೆ, ತಗೊಳ್ಳಿ. ಆ ಇನ್ನರ್ಧ ಡಬ್ಬೀನ ತೊಳೆದಿಟ್ಟವಳು ನಾನೇ. ಹಳೇ ಸರಕಿನ ಹಾಗೆ ಮಂಕಾಗಿದ್ವು. ಬೈಯೋದಿದ್ರೆ ನನ್ನನ್ನು ಬೈದು ಮುಗಿಸಿ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ.”

“ನೀನು ತೊಳೆದೆ?”

“ಹೂಂ.”

“ಯಾವುದರಲ್ಲಿ?”

“ಇನ್ಯಾವುದರಲ್ಲಿ, ನೀರಲ್ಲಿ.”

ಅಜ್ಜ ಒಂದು ಮೊಳೆಯನ್ನು ಮತ್ತೆ ನಾಲಿಗೆಯ ತುದಿಗೆ ತಾಗಿಸಿದ. “ನೀರಿಗೆ ಇದು ಬಿಡೋದಿಲ್ಲ ಕಣೆ. ಇದರ ಮೈಮೇಲೆ ಸತುವಿನ ಲೇಪವೇ ಇಲ್ಲ, ಬರೀ ಕಬ್ಬಿಣದ ರುಚಿ. ನಲವತ್ತು ವರ್ಷ ನನ್ನ ಜೊತೆ ಇದ್ದೂ ನಿನಗೆ ಸುಳ್ಳು ಹೇಳೋದೊಂದು ಹತ್ತಲಿಲ್ಲ.” ಎಂದವನ ಕಣ್ಣು ಸೊಸೆಯ ಬೆರಳುಗಳ ಮೇಲೆ ಹೋಯಿತು. ತುದಿಗಳೆಲ್ಲ ಸುಲಿದು ಕೆಂಪಗಾಗಿದ್ದವು.

ಸೊಸೆ ಹಲಗೆಯನ್ನು ಇಳಿಸಿದಳು. “ಅತ್ತೆಯದೇನೂ ತಪ್ಪಿಲ್ಲ, ಮಾವ. ನಾನೇ ನಿಂಬೆರಸದಲ್ಲಿ ನೆನೆಹಾಕಿದ್ದು. ಗುಳ್ಳೆ ಗುಳ್ಳೆ ಎದ್ದಿತು, ಕೊಳೆ ಬಿಡ್ತಿದೆ ಅಂದುಕೊಂಡೆ. ಆಮೇಲೆ ಮರಳುಕಾಗದದಲ್ಲಿ ಉಜ್ಜಿದೆ. ನನ್ನ ಕೈಯಿಂದ ಹೊಡೆಯೋ ಮೊದಲನೇ ಮೊಳೆ, ಹೊಳೀತಾ ಇರಲಿ ಅಂತ ಆಸೆ ಆಯ್ತು.”

ಹೊಳೆಯ ನೀರು ಕೆಳಗಿನ ಕಂಬಕ್ಕೆ ತಗುಲಿ ಮೆಲ್ಲಗೆ ಸದ್ದು ಮಾಡುತ್ತಿತ್ತು. ಅತ್ತೆ ಸೆರಗಿನ ತುದಿಯನ್ನು ಸುಮ್ಮನೆ ಸುತ್ತುತ್ತಿದ್ದಳು. ಹಾಲಿನ ನೆನಪು ಅವಳಿಗೆ ಇದ್ದಂತೆ ಕಾಣಲಿಲ್ಲ.

ಅಜ್ಜ ಕಿತ್ತು ಹಾಕಿದ್ದ ಹಳೆಯ ಮೆಟ್ಟಿಲಿನಿಂದ ಒಂದು ಮೊಳೆಯನ್ನು ಮೀಟಿ ತೆಗೆದು ಸೊಸೆಯ ಕೈಗಿಟ್ಟ. ಅದೂ ಬೂದಿ ಬಣ್ಣದ್ದೇ. ತಲೆಯ ಮೇಲೆ ಯಾವತ್ತೋ ಸುತ್ತಿಗೆ ಜಾರಿ ಬಿದ್ದ ಒಂದು ಗೀರು.

“ನನ್ನ ಮಗ ಹುಟ್ಟೋ ಮುಂಚೆ ಹೊಡೆದದ್ದು. ತುಕ್ಕು ಹಿಡಿದಿದೆಯಾ ನೋಡು.”

“ಇಲ್ಲ.”

“ಗೀರಿನ ಜಾಗದಲ್ಲಿ?”

ಅವಳು ಬಿಸಿಲಿಗೆ ಹಿಡಿದು ನೋಡಿದಳು. “ಅಲ್ಲೂ ಇಲ್ಲ. ಅಲ್ಲಿ ಸತು ಹೋಗಿದೆಯಲ್ಲ, ಮಾವ? ಮತ್ತೆ ಯಾಕೆ ತುಕ್ಕು ಹತ್ತಲಿಲ್ಲ?”

“ಅಲ್ಲಿ ಹೋದರೇನು, ಪಕ್ಕದಲ್ಲಿ ಇದೆಯಲ್ಲ. ನೀರು ಬಂದು ಕಬ್ಬಿಣಕ್ಕೆ ಕೈ ಹಾಕಿದಾಗ ಪಕ್ಕದ ಸತು ತಾನು ಮುಂದಾಗುತ್ತೆ. ಮೊದಲು ನನ್ನನ್ನ ತಿನ್ನು ಅನ್ನುತ್ತೆ. ಹಾಗೇ ದಿನಕ್ಕೆ ಒಂದಿಷ್ಟು ಸವೀತಾ ಇರುತ್ತೆ. ಅದು ಇರೋ ತನಕ ಕಬ್ಬಿಣಕ್ಕೆ ಚಿಂತೆಯಿಲ್ಲ. ನೀನು ಕೊಳೆ ಅಂತ ಉಜ್ಜಿದೆಯಲ್ಲ, ಆ ಮಂಕು ಬಣ್ಣ, ಅದು ಗಾಳಿ ನೀರು ಕುಡಿದು ಸತು ತನಗೆ ತಾನೇ ಹೊದ್ದುಕೊಂಡ ಹೊದಿಕೆ. ದೇವರು ಅದಕ್ಕೆ ಹೊಳಪು ಕೊಡಲಿಲ್ಲ, ತಾಳ್ಮೆ ಕೊಟ್ಟ.”

ಇಷ್ಟು ಉದ್ದದ ಮಾತನ್ನು ಮಾವನ ಬಾಯಿಂದ ಸೊಸೆ ಕೇಳಿದ್ದು ಅದೇ ಮೊದಲು. ಅತ್ತೆಯೂ ಬೆರಗಾಗಿ ನೋಡುತ್ತಿದ್ದಳು.

“ಹಾಗಾದರೆ ನಾನು ಕೆಡಿಸಿದ ಹಾಗಾಯ್ತು” ಎಂದಳು ಸೊಸೆ, ತಲೆ ತಗ್ಗಿಸಿ.

“ಕೆಡಿಸಿದೆ. ಆದರೆ ಇವಳ ಹಿಂದೆ ಅವಿತುಕೊಳ್ಳಲಿಲ್ಲ.” ಅಜ್ಜ ಹೊಳೆಯುವ ಮೊಳೆಗಳನ್ನೆಲ್ಲ ಬಾಚಿ ಅಂಗಿಯ ಜೇಬಿಗೆ ಹಾಕಿಕೊಂಡ. “ಇವು ನೀರಿಗೆ ಬೇಡ. ಅಡುಗೆಮನೆಗೆ ಒಂದು ಮರದ ಗೂಡು ಮಾಡಿಕೊಡಿ ಅಂತ ನಿಮ್ಮತ್ತೆ ಎಷ್ಟು ವರ್ಷದಿಂದ ಕೇಳ್ತಿದಾಳೋ, ಅದಕ್ಕಾಗುತ್ತೆ. ಒಣ ಜಾಗದಲ್ಲಿ ಬಾಳಿಕೊಂಡು ಹೋಗ್ತಾವೆ.”

“ಅಂತೂ ನನ್ನ ಗೂಡಿಗೆ ಮುಹೂರ್ತ ಬಂತು” ಎಂದಳು ಅತ್ತೆ. “ಮೊದಲೇ ಗೊತ್ತಿದ್ದರೆ ನಾನೇ ಉಜ್ಜಿಡ್ತಿದ್ದೆ.”

ಅಜ್ಜ ನಗಲಿಲ್ಲ. ಮಡಿಲ ಡಬ್ಬಿಯಿಂದ ಮಂಕು ಮೊಳೆಯೊಂದನ್ನು ಆರಿಸಿ, ನಾಲಿಗೆಗೆ ತಾಗಿಸಿ, ತೃಪ್ತನಾಗಿ ಹಲಗೆಯ ಮೇಲೆ ನಿಲ್ಲಿಸಿದ. ಸುತ್ತಿಗೆಯನ್ನು ಕಣ್ಣಿಗೊತ್ತಿಕೊಂಡು, ಹಿಡಿಯನ್ನು ಸೊಸೆಯ ಕಡೆಗೆ ಚಾಚಿದ.

ಮೊದಲ ಎರಡು ಏಟು ನೆಟ್ಟಗೆ ಬಿದ್ದವು. ಮೂರನೆಯದು ಜಾರಿತು. ಮೊಳೆಯ ತಲೆಯ ಅಂಚಿನಲ್ಲಿ ಬೂದಿ ಬಣ್ಣ ಕಿತ್ತು ಕೂದಲೆಳೆಯಷ್ಟು ಕಬ್ಬಿಣ ಮಿನುಗಿತು. ಸೊಸೆಯ ಕೈ ಅಲ್ಲೇ ನಿಂತಿತು. ಅವಳು ಹೆದರಿ ಮಾವನ ಮುಖ ನೋಡಿದಳು.

ಅತ್ತೆ ಆಗಲೇ ಪಕ್ಕದ ಹಲಗೆಯ ಮೇಲೆ ಕೂತು, ಸೊಸೆಯ ಖಾಲಿ ಕೈಯನ್ನು ಎಳೆದುಕೊಂಡು, ಸುಲಿದ ಬೆರಳುಗಳಿಗೆ ಹೊಳೆ ನೀರಲ್ಲಿ ಅದ್ದಿದ ಸೆರಗು ಸುತ್ತುತ್ತಿದ್ದಳು.

“ಹೊಡಿ ಮಗಳೇ” ಎಂದ ಅಜ್ಜ. “ಪಕ್ಕದಲ್ಲಿ ಇದೆಯಲ್ಲ.”

ಹಾಗೆನ್ನುವಾಗ ಅವನು ಮೊಳೆಯ ಕಡೆ ನೋಡುತ್ತಿರಲಿಲ್ಲ.