ನಲವತ್ತೊಂದನೆಯ ಅಡಿಟಿಪ್ಪಣಿ

ಇಂಗ್ವಾಲ್ ತನ್ನ ಇ-ರೀಡರನ್ನು ಗ್ರಂಥಾಲಯದ ಮೇಜಿನ ಮೇಲೆ ಬೋರಲು ಹಾಕಿದ.

“ನನ್ನ ಮಗಳ ಪ್ರಬಂಧ ಇದ್ರಲ್ಲಿದೆ. ಅಕ್ಷರ ಅಲ್ಲ, ಮೀನಿನ ಮೊಟ್ಟೆ! ದೊಡ್ಡದು ಮಾಡಿದ್ರೆ ಅರ್ಧ ಸಾಲು ಆಚೆ ಓಡ್ಹೋಗತ್ತೆ.”

ಗ್ರಂಥಾಲಯದ ಟುರಿಡ್ ನಕ್ಕಳು. ವಿಶ್ವವಿದ್ಯಾಲಯದ ಡಿಜಿಟಲ್ ಭಂಡಾರದಲ್ಲಿದ್ದದ್ದೆಲ್ಲ ಅಚ್ಚಿನ ಪುಟಗಳ ಚಿತ್ರ. ಅವನ್ನು ಸಣ್ಣ ಪರದೆಯಲ್ಲಿ ಓದುವಂತೆ ಮಾಡಿಕೊಡುವುದೇ ಅವಳ ಕೆಲಸ.

“ಸೋಮವಾರ ಬನ್ನಿ ಅಜ್ಜ. ಮಾಡಿಟ್ಟಿರ್ತೀನಿ.”

“ಹಾಗೇ ಒಂದು ಸಾಲು ತಿದ್ದಬೇಕು.”

“ಅದಾಗಲ್ಲ. ಭಂಡಾರಕ್ಕೆ ಸೇರಿದ್ದು ಸೇರಿದ ಹಾಗೇ ಇರ್ಬೇಕು. ಬರೆದವರೇ ಕೇಳಿದ್ರೆ ಮಾತ್ರ...”

“ಬರೆದವಳು ಹೋಗಿ ಮೂರು ಚಳಿಗಾಲ ಆಯ್ತು.”

ಟುರಿಡ್ ಪೆನ್ನಿಗೆ ಮುಚ್ಚಳ ಹಾಕಿದಳು.

ಅವನ ಮಗಳು ರಾಗ್ನಾ ಬರೆದದ್ದು ತಮ್ಮ ದ್ವೀಪದ ಸುತ್ತಲಿನ ಮೀನಿನ ತಾಣಗಳ ಬಗ್ಗೆ. ದೋಣಿಯಿಂದ ನೋಡಿದಾಗ ದಡದ ಎರಡು ಗುರುತು ಒಂದೇ ಗೆರೆಗೆ ಬಂದಲ್ಲಿ ಗಾಳ ಇಳಿಸುತ್ತಾರೆ. ಯಾವ ಎರಡು ಎಂದು ಯಾರೂ ಬಾಯಿ ಬಿಡುವುದಿಲ್ಲ.

“ರೆಕಾರ್ಡರ್ ಹಿಡ್ಕೊಂಡು ಕೇಳಿದ್ಲು. ಚರ್ಚಿನ ಗೋಪುರ, ಬಿಳಿ ಬಂಡೆ ಅಂದ್ಬಿಟ್ಟೆ. ಸುಳ್ಳು! ಸ್ವಂತ ಮಗಳ ಹತ್ರ. ಅವಳ ಪುಸ್ತಕದಲ್ಲಿ ಅದು ಇರ್ಬಾರ್ದು.”

ಸೋಮವಾರ ಅವನು ಅಲ್ಲೇ ಕುರ್ಚಿ ಎಳೆದುಕೊಂಡು ಆ ಸಾಲು ಹುಡುಕಿದ. ಗೋಪುರ, ಬಂಡೆ, ಪಕ್ಕದಲ್ಲೊಂದು ಅಂಕಿ. ಅದನ್ನು ಒತ್ತಿದಾಗ, ಮೊದಲು ಪುಟದ ಅಡಿಯಲ್ಲಿ ಇರುವೆಸಾಲಿನಂತಿದ್ದ ಟಿಪ್ಪಣಿ ಈಗ ಉಳಿದ ಅಕ್ಷರಗಳಷ್ಟೇ ದೊಡ್ಡದಾಗಿ ಬಂತು. ಅವನು ಅದನ್ನು ಓದಿದ್ದು ಅದೇ ಮೊದಲು.

‘41. ಹೇಳಿದವರು: ಅಪ್ಪ. ಈ ಗುರುತು ಸರಿಯಲ್ಲ. ಸರಿಯಾದದ್ದು ನನಗೆ ಗೊತ್ತು. ಎಂಟು ವರ್ಷದವಳಿದ್ದಾಗ ಅವರ ದೋಣಿಯಲ್ಲಿ ನಿದ್ದೆ ಬಂದವಳಂತೆ ಮಲಗಿ ನೋಡಿದ್ದೆ. ಗುಟ್ಟು ಅವರದು. ಅವರು ಹೇಳಿದ್ದನ್ನೇ ಬರೆದಿದ್ದೇನೆ.’

ಇಂಗ್ವಾಲ್ ಕನ್ನಡಕ ತೆಗೆದ. ಸ್ವೆಟರಿನ ಅಂಚಿನಲ್ಲಿ ಒರೆಸಿದ. ಹಾಕಿಕೊಂಡು ಮತ್ತೊಮ್ಮೆ ಓದಿದ.

“ತಿದ್ದೋ ವಿಷಯ ಮೇಲಿನವರನ್ನ ಕೇಳಿ ನೋಡ್ಲಾ ಅಜ್ಜ?” ಎಂದಳು ಟುರಿಡ್.

“ಬೇಡ.” ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಈ ಟಿಪ್ಪಣಿ ಒಂದನ್ನ ಮಾತ್ರ ಮೊದಲಿನಷ್ಟೇ ಸಣ್ಣದು ಮಾಡಿಬಿಡು ಹುಡುಗಿ. ಪಕ್ಕದ ಮನೆ ಏವಿಂದನ ಹತ್ರಾನೂ ಇಂಥದೇ ಇ-ರೀಡರ್ ಇದೆ. ಅವನು ಗೋಪುರ, ಬಂಡೆ ನಂಬ್ಕೊಂಡೇ ಇರ್ಲಿ.”